ಹದಿಹರೆಯದವರಿಗೆ ನಗರ ವಿನ್ಯಾಸ ಕಲಿಸುವ ಬಗೆ: ಒಂದೇ ಜಾಗ, ಎಂಟು ಭೇಟಿ

ಹದಿನಾಲ್ಕು ವರ್ಷದವರ ಕೈಗೆ ಕಾಗದ ಕೊಟ್ಟು ‘ನಿಮ್ಮ ಕನಸಿನ ಪಾರ್ಕು ಬಿಡಿಸಿ’ ಎಂದರೆ ಹೆಚ್ಚುಕಡಿಮೆ ಒಂದೇ ಚಿತ್ರ ಬರುತ್ತದೆ. ನಡುವೆ ಕಾರಂಜಿ, ಸುತ್ತ ದುಂಡನೆಯ ಹಾದಿ, ಮೂಲೆಯಲ್ಲಿ ಈಜುಕೊಳ, ಖಾಲಿ ಉಳಿದಲ್ಲೆಲ್ಲ ಹಸಿರು ಚುಕ್ಕೆ. ಬೇಕಾದದ್ದೇನು ಎಂದು ಕೇಳಿದರೆ ಪಟ್ಟಿಯೇ ಸಿಗುವುದು. ಭೂದೃಶ್ಯ ವಾಸ್ತುಶಿಲ್ಪ ಎಂಬುದು ನೆಲದ ಇಳಿಜಾರು, ನೀರು, ಮಣ್ಣು, ನೆರಳು, ಗಿಡಮರಗಳ ಲೆಕ್ಕ. ನಗರ ವಿನ್ಯಾಸವೆಂದರೆ ಕಟ್ಟಡಗಳ ನಡುವೆ ಉಳಿಯುವ ರಸ್ತೆ, ಚೌಕ, ಅಂಗಳ, ನಿಲ್ದಾಣಗಳ ಲೆಕ್ಕ. ಎರಡಕ್ಕೂ ಎಣಿಕೆ ಮತ್ತು ಅಳತೆಯೇ ಬುನಾದಿ. ಅದಕ್ಕೇ ಇಲ್ಲಿ ಹೇಳುವ ಕ್ರಮದಲ್ಲಿ ನಾಲ್ಕನೇ ಭೇಟಿ ಮುಗಿಯುವವರೆಗೆ ವಿನ್ಯಾಸದ ಒಂದು ಗೆರೆಯನ್ನೂ ಎಳೆಯುವಂತಿಲ್ಲ. ಮಕ್ಕಳು ಗೊಣಗುತ್ತಾರೆ, ಗೊಣಗಲಿ.

ಜಾಗ ಮತ್ತು ಗುಂಪು

13ರಿಂದ 17 ವರ್ಷದ 12–15 ಮಂದಿ, ಜೊತೆಗೆ ಇಬ್ಬರು ದೊಡ್ಡವರು ಸಾಕು. ಮೂವರ ತಂಡ ಮಾಡಿ: ಒಬ್ಬರು ಟೇಪಿನ ಸೊನ್ನೆ ತುದಿ ಹಿಡಿಯುತ್ತಾರೆ, ಒಬ್ಬರು ಅಳತೆ ಓದುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ. ನಾಲ್ಕನೆಯವರು ಸೇರಿದರೆ ಅವರಿಗೆ ಮೊಬೈಲ್ ನೋಡುವ ಕೆಲಸ ಮಾತ್ರ ಉಳಿಯುತ್ತದೆ. ಪ್ರತಿ ಭೇಟಿಗೆ ಎರಡೂವರೆ ಗಂಟೆ (ಏಳನೆಯದಕ್ಕೆ ಮಾತ್ರ ಇನ್ನಷ್ಟು), ಭೇಟಿಗಳ ನಡುವೆ ಒಂದು ವಾರ. ಈ ಅಂತರ ಸೋಮಾರಿತನಕ್ಕಲ್ಲ. ಬಿಸಿಲು, ಮಳೆ, ವಾರದ ದಿನ ಬದಲಾದಾಗ ಜಾಗ ಹೇಗೆ ಬದಲಾಗುತ್ತದೆಂದು ಕಾಣಬೇಕಲ್ಲ.

ಜಾಗ 500ರಿಂದ 1,500 ಚದರ ಮೀಟರ್ ಒಳಗಿರಲಿ, ನಡೆದು ಹತ್ತು ನಿಮಿಷದಲ್ಲಿ ತಲುಪುವಂತಿರಲಿ. ಇಡೀ ಉದ್ಯಾನ, ಇಡೀ ಕೆರೆಯಂಗಳ ಬೇಡ. ಅಷ್ಟು ದೊಡ್ಡದನ್ನು ಮಕ್ಕಳು ಅಳೆಯಲಾರರು, ಅಳೆಯದ್ದನ್ನು ಊಹಿಸಿ ಬರೆಯುತ್ತಾರೆ. ಬಸ್ ನಿಲ್ದಾಣದ ಹಿಂದಿನ ಮೂಲೆ, ಗ್ರಂಥಾಲಯದ ಮುಂದಿನ ಸಿಮೆಂಟು ಅಂಗಳ, ಶಾಲೆಯ ಗೇಟಿನ ಎದುರಿನ ನೆಲ, ಹೀಗೆ ಬೇಸರ ಹುಟ್ಟಿಸುವಷ್ಟು ಸಾಧಾರಣವಾದದ್ದೇ ಒಳ್ಳೆಯದು. ಆದರೆ ಜನ ಓಡಾಡುತ್ತಿರಬೇಕು. ಯಾರೂ ಬಾರದ ಬಯಲಿನಲ್ಲಿ ಎಣಿಸುವುದಕ್ಕೆ ಏನೂ ಇರುವುದಿಲ್ಲ.

ಆ ಜಾಗದ ಮೇಲೆ ಅಧಿಕಾರ ಇರುವವರು ಕೊನೆಯ ಭೇಟಿಗೆ ಬಂದು ಕೇಳುತ್ತಾರೆಂಬ ಮಾತನ್ನು ಮೊದಲೇ ಪಡೆದುಕೊಳ್ಳಿ. ಏನು ಬದಲಾಗಬಹುದು, ಏನು ಆಗುವುದಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿ. ಪರಿಸರ ಮನೋವಿಜ್ಞಾನಿ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಮಕ್ಕಳ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದರು. ಅದರ ಕೆಳಗಿನ ಮೂರು ಮೆಟ್ಟಿಲುಗಳಲ್ಲಿ ಮಕ್ಕಳು ಇರುವುದು ಬರೀ ತೋರಿಕೆಗೆ. ಗುತ್ತಿಗೆ ಕೊಟ್ಟು ಮುಗಿದಿರುವ ಜಾಗಕ್ಕೆ ಮಕ್ಕಳಿಂದ ‘ಸಲಹೆ’ ಕೇಳುವುದು ಆ ಮೂರರಲ್ಲೇ ಬರುತ್ತದೆ, ಮತ್ತು ಈ ವಯಸ್ಸಿನವರು ಅದನ್ನು ಬಹುಬೇಗ ಕಂಡುಹಿಡಿಯುತ್ತಾರೆ.

ಮೊದಲ ಭೇಟಿ: ಎಣಿಸುವುದು

ಮೊದಲ ಇಪ್ಪತ್ತು ನಿಮಿಷ ಬೇರೆಬೇರೆ ಕಡೆ ಸುಮ್ಮನೆ ಕೂರಿಸಿ. ಆಮೇಲೆ ಜಾಗದ ಒರಟು ನಕ್ಷೆಯ ಪ್ರತಿಗಳನ್ನು ಹಂಚಿ. ಪ್ರತಿ 15 ನಿಮಿಷಕ್ಕೊಮ್ಮೆ ತಂಡ ಜಾಗವನ್ನು ಒಂದು ಸುತ್ತು ಹಾಕಿ, ಕಂಡವರನ್ನೆಲ್ಲ ಗುರುತು ಹಾಕಬೇಕು: ಕೂತವರಿಗೆ ವೃತ್ತ, ನಿಂತವರಿಗೆ ತ್ರಿಕೋನ, ಆಡುವವರಿಗೆ ಅಡ್ಡಗೆರೆ. ಪ್ರತಿ ಸುತ್ತಿಗೂ ಹೊಸ ಹಾಳೆ. ಒಂದೇ ಹಾಳೆಯಲ್ಲಿ ಎಲ್ಲವನ್ನೂ ತುಂಬಿದರೆ ಯಾವ ಹೊತ್ತಿಗೆ ಯಾರಿದ್ದರು ಎಂಬುದು ಕಳೆದುಹೋಗುತ್ತದೆ. ಮುಖದ ಫೋಟೋ ಬೇಡ, ಹೆಸರು ಬೇಡ. ಸುಮಾರು ವಯಸ್ಸು ಮತ್ತು ಹೆಣ್ಣೋ ಗಂಡೋ ಎಂಬುದಷ್ಟೇ ಸಾಕು.

ಹಾದುಹೋಗುವವರ ಎಣಿಕೆ ಬೇರೆ. ಒಂದು ಕಾಲ್ಪನಿಕ ಗೆರೆ ಗೊತ್ತುಮಾಡಿಕೊಂಡು 10 ನಿಮಿಷ ಎಣಿಸಿ ಆರರಿಂದ ಗುಣಿಸಿದರೆ ಗಂಟೆಯ ಅಂದಾಜು ಬರುತ್ತದೆ. ಆ ಹತ್ತು ನಿಮಿಷದಲ್ಲೇ ಒಂದು ಬಸ್ ಬಂದು ನಿಂತರೆ ಲೆಕ್ಕ ಉಬ್ಬುತ್ತದೆ, ಆದ್ದರಿಂದ ಕನಿಷ್ಠ ಮೂರು ಬೇರೆ ಹೊತ್ತಿನಲ್ಲಿ ಎಣಿಸಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ಪಾಳಿಗಳನ್ನು ವಾರದ ನಡುವೆ ತಂಡಗಳಿಗೆ ಹಂಚಿಬಿಡಿ.

ಈ ಎಣಿಕೆಯಿಂದ ಏನು ಹೊರಡುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹಲಗೆಯ ಮೇಲೆ ಬರೆದು ತೋರಿಸಿ. ನೂರು ಜನ ತಲಾ ಒಂದು ನಿಮಿಷದಲ್ಲಿ ದಾಟಿಹೋದರೆ ಜಾಗಕ್ಕೆ ಸಿಕ್ಕಿದ್ದು 100 ಜನ-ನಿಮಿಷ. ಹತ್ತೇ ಜನ ಅರ್ಧ ಗಂಟೆ ಕೂತರೆ 300. ಜಾಗಕ್ಕೆ ಜೀವ ಬರುವುದು ಬಂದವರು ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದರ ಮೇಲೆ. ಕೋಪನ್‌ಹೇಗನ್‌ನ ಸ್ಟ್ರಾಯೆಟ್ ಬೀದಿಯಿಂದ 1962ರಲ್ಲಿ ವಾಹನಗಳನ್ನು ಹೊರಗಿಟ್ಟ ಮೇಲೆ ಅಲ್ಲಿಯ ಓಡಾಟ ಮತ್ತು ತಂಗುವಿಕೆಯನ್ನು ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಲ್ ದಶಕಗಳ ಕಾಲ ಹೀಗೆಯೇ ಎಣಿಸುತ್ತ ಹೋದರು. ನ್ಯೂಯಾರ್ಕಿನ ಕಚೇರಿ ಕಟ್ಟಡಗಳ ಮುಂದಿನ ಚೌಕಗಳನ್ನು ನಗರ ಜೀವನದ ಅಧ್ಯಯನಕಾರ ವಿಲಿಯಂ ವೈಟ್ 1970ರ ದಶಕದಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ ಕಂಡ ಸತ್ಯ ಹಾಸ್ಯದಂತಿದೆ: ಕೂರಲು ಜಾಗ ಇದ್ದಲ್ಲಿ ಜನ ಕೂರುತ್ತಾರೆ. ಅಷ್ಟು ಸರಳ ಸಂಗತಿಯನ್ನು ಎಣಿಸಿ ತೋರಿಸಿದ ಮೇಲೆಯೇ 1975ರಲ್ಲಿ ಇಂಥ ಚೌಕಗಳ ಬಗೆಗಿನ ಆ ನಗರದ ನಿಯಮ ಬದಲಾದದ್ದು.

ಹಾಳೆಗಳಲ್ಲಿ ಯಾರಿದ್ದಾರೆ ಎಂಬುದರಷ್ಟೇ ಯಾರಿಲ್ಲ ಎಂಬುದನ್ನೂ ಓದಿಸಿ. ವಿಯೆನ್ನಾದಲ್ಲಿ 1990ರ ದಶಕದ ಸಮೀಕ್ಷೆಯೊಂದು, ಹತ್ತು ವರ್ಷದ ಆಸುಪಾಸಿನಲ್ಲಿ ಹುಡುಗಿಯರು ಉದ್ಯಾನಗಳಿಂದ ಮಾಯವಾಗುತ್ತಾರೆ, ಹುಡುಗರು ಉಳಿಯುತ್ತಾರೆ ಎಂದು ತೋರಿಸಿತು. ಒಂದೇ ಬಾಗಿಲಿನ, ಸುತ್ತ ಬಲೆ ಕಟ್ಟಿದ ಚೆಂಡಾಟದ ಅಂಗಳವನ್ನು ಮೊದಲು ಬಂದ ಗುಂಪು ಹಿಡಿದರೆ ಉಳಿದವರಿಗೆ ಒಳಹೋಗಲು ದಾರಿಯಿಲ್ಲ. ಅಲ್ಲಿ ಬಾಗಿಲುಗಳನ್ನು ಅಗಲಗೊಳಿಸಿ, ದೊಡ್ಡ ಬಯಲನ್ನು ಚಿಕ್ಕ ತುಂಡುಗಳಾಗಿ ಒಡೆದರು. ನಿಮ್ಮ ಮಕ್ಕಳ ಹಾಳೆಯಲ್ಲೂ ಇಂಥ ಖಾಲಿತನ ಒಂದಾದರೂ ಸಿಕ್ಕೀತು. ಅದಕ್ಕೆ ಕಾರಣ ಹುಡುಕುವ ಆತುರ ಬೇಡ, ಬರೆದಿಡಿ.

ಎರಡನೆಯದು: ಅಳೆಯುವುದು

ಮೊದಲು ತಮ್ಮ ಹೆಜ್ಜೆಯ ಅಳತೆ. ಟೇಪು ಹಾಸಿ 30 ಮೀಟರನ್ನು ಸಹಜ ನಡಿಗೆಯಲ್ಲಿ ಮೂರು ಸಲ ನಡೆದು ಸರಾಸರಿ ತೆಗೆಯಬೇಕು. 44 ಹೆಜ್ಜೆ ಬಿದ್ದರೆ ಒಂದು ಹೆಜ್ಜೆ 68 ಸೆಂ.ಮೀ. ‘ಅಳೆಯುತ್ತಿದ್ದೇನೆ’ ಎಂಬ ಗಾಂಭೀರ್ಯದಲ್ಲಿ ಮಕ್ಕಳು ಹೆಜ್ಜೆ ಉದ್ದ ಮಾಡುತ್ತಾರೆ. ಮಾತಾಡಿಸುತ್ತ ನಡೆಸಿದರೆ ಸರಿಹೋಗುತ್ತದೆ.

ನಕ್ಷೆಗೆ 30 ಮೀಟರ್ ಟೇಪನ್ನು ಉದ್ದದ ಒಂದು ಅಂಚಿಗೆ ಹಾಸಿ, ಅದನ್ನು ತೆಗೆಯದೆ, ಪ್ರತಿ ಮರ, ಕಂಬ, ಮೂಲೆಗೆ ಲಂಬವಾಗಿ ಅಳೆಯಿರಿ. ಒಂದು ಕಂಬದಿಂದ ಮುಂದಿನ ಕಂಬಕ್ಕೆ, ಅಲ್ಲಿಂದ ಮರಕ್ಕೆ ಎಂದು ತುಂಡುತುಂಡಾಗಿ ಅಳೆದರೆ ಪ್ರತಿ ತುಂಡಿನ ತಪ್ಪು ಮುಂದಿನದಕ್ಕೆ ಸೇರುತ್ತ ಹೋಗಿ ಕೊನೆಯ ಗೋಡೆ ಅರ್ಧ ಮೀಟರ್ ಆಚೆ ನಿಲ್ಲುತ್ತದೆ. ಚೌಕದಂತೆ ಕಾಣುವ ಜಾಗದ ಎರಡೂ ಕರ್ಣಗಳನ್ನು ಅಳೆಯುವುದನ್ನು ಮರೆಯಬೇಡಿ. ಅವು ಸಮವಿಲ್ಲದಿದ್ದರೆ ಮೂಲೆಗಳು ಮೂಲೆಮಟ್ಟವಾಗಿಲ್ಲ.

ಎತ್ತರ ತಗ್ಗಿಗೆ ದುಬಾರಿ ಉಪಕರಣ ಬೇಡ. ಹತ್ತು ಮೀಟರ್ ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡು ತುದಿಗಳನ್ನು ಎರಡು ಕಡೆ ಎತ್ತಿ ಹಿಡಿದರೆ ನೀರಿನ ಮಟ್ಟ ಎರಡರಲ್ಲೂ ಒಂದೇ. ಎರಡೂ ಕಡೆ ನೆಲದಿಂದ ನೀರಿನವರೆಗೆ ಅಳೆದು ಕಳೆದರೆ ಮಟ್ಟದ ವ್ಯತ್ಯಾಸ ಸಿಗುತ್ತದೆ. ಪೈಪಿನೊಳಗೆ ಒಂದು ಗಾಳಿಗುಳ್ಳೆ ಉಳಿದರೂ ಲೆಕ್ಕ ಸುಳ್ಳಾಗುತ್ತದೆ. ನೀರಿಗೆ ಒಂದು ಹನಿ ಬಣ್ಣ ಹಾಕಿದರೆ ಗುಳ್ಳೆ ಕಾಣುತ್ತದೆ.

ಇಲ್ಲಿ ನಾಲ್ಕು ಸಂಖ್ಯೆಗಳನ್ನು ಬಾಯಿಪಾಠ ಮಾಡಿಸಬಹುದು. ಕಲ್ಲುಹಾಸಿನ ನೆಲದಲ್ಲಿ ನೀರು ನಿಲ್ಲದಿರಲು ಮೀಟರಿಗೆ 1–2 ಸೆಂ.ಮೀ. ಇಳಿಜಾರು ಬೇಕು. ಗಾಲಿಕುರ್ಚಿಯ ಇಳಿಜಾರು 1:12ಕ್ಕಿಂತ ಕಡಿದಾಗಬಾರದು, ಅಂದರೆ 60 ಸೆಂ.ಮೀ. ಏರಲು 7.2 ಮೀಟರ್ ಉದ್ದ. ಹೊರಾಂಗಣ ಮೆಟ್ಟಿಲಿಗೆ ಎತ್ತರದ ಎರಡರಷ್ಟಕ್ಕೆ ಕಾಲಿಡುವ ಅಗಲ ಸೇರಿಸಿದರೆ 60–65 ಸೆಂ.ಮೀ. ಬರಬೇಕು, 15 ಎತ್ತರ, 33 ಅಗಲ ಒಳ್ಳೆಯ ಜೋಡಿ. ಕೂರುವ ಎತ್ತರ 40–45 ಸೆಂ.ಮೀ. ಕೇಳಿದ್ದು ಮರೆಯುತ್ತದೆ, ಆದ್ದರಿಂದ ಸಾಧ್ಯವಾದರೆ ಒಂದು ಗಾಲಿಕುರ್ಚಿ ತಂದು ಜಾಗದ ಅತಿ ಕಡಿದಾದ ಕಡೆ ಒಬ್ಬರನ್ನು ಕೂರಿಸಿ ಇನ್ನೊಬ್ಬರಿಂದ ತಳ್ಳಿಸಿ. ಹಿಂದೆ ದೊಡ್ಡವರೊಬ್ಬರು ನಿಂತಿರಲಿ.

ಮೂರನೆಯದು: ನೀರು ಮತ್ತು ನೆರಳು

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಇಷ್ಟು ಗೊತ್ತಿದ್ದರೆ ಉಳಿದದ್ದು ಗುಣಾಕಾರ. 1,000 ಚದರ ಮೀಟರ್ ಅಂಗಳ, 25 ಮಿ.ಮೀ. ಮಳೆ: 25,000 ಲೀಟರ್, 200 ಲೀಟರಿನ ಡ್ರಮ್ಮುಗಳಲ್ಲಿ 125. ಕಾಂಕ್ರೀಟಾದರೆ ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹರಿದುಹೋಗುತ್ತದೆ. ಸಡಿಲ ಮಣ್ಣಿನ, ಸಮತಟ್ಟಾದ ಹುಲ್ಲು ನೆಲವಾದರೆ ಹರಿಯುವುದು ಸುಮಾರು ಎರಡು ಪಾಲು. 125 ಡ್ರಮ್ಮು ಎಂದಾಗ ಮಕ್ಕಳ ಮುಖ ನೋಡಬೇಕು! ಆಮೇಲೆ ಒಂದು ಬಕೆಟ್ ನೀರು ಸುರಿದು ಅದು ಎಲ್ಲಿಗೆ ಓಡುತ್ತದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆಸಿ.

ಮಣ್ಣು ಎಷ್ಟು ನೀರು ಕುಡಿಯುತ್ತದೆಂದು ತಿಳಿಯಲು ನೆಲದಡಿ ಪೈಪು, ಕೇಬಲ್ ಇಲ್ಲವೆಂದು ಖಚಿತಪಡಿಸಿಕೊಂಡು 30 ಸೆಂ.ಮೀ. ಆಳದ ಗುಂಡಿ ತೋಡಿ. ನೀರು ತುಂಬಿ ಇಂಗಲು ಬಿಡಿ, ಮತ್ತೆ ತುಂಬಿ. ಎರಡನೇ ಸಲದ್ದೇ ಲೆಕ್ಕ, ಏಕೆಂದರೆ ಒಣಮಣ್ಣು ಮೊದಲ ನೀರನ್ನು ಗಟಗಟನೆ ಕುಡಿದು ಮೋಸ ಮಾಡುತ್ತದೆ. ಗಂಟೆಗೆ 2.5 ಸೆಂ.ಮೀ. ಇಳಿದರೆ ಅಲ್ಲಿ ಮಳೆನೀರು ಇಂಗಿಸುವ ಗಿಡದ ಪಾತಿ ಮಾಡಬಹುದು. 1 ಸೆಂ.ಮೀ.ಗಿಂತ ಕಡಿಮೆಯಾದರೆ ನೀರು ನಿಂತು ಬೇರು ಕೊಳೆಯುತ್ತದೆ, ಸೊಳ್ಳೆಯೂ ಬರುತ್ತದೆ. ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚಿ.

ನೆರಳಿಗೆ ಒಂದು ಮೀಟರಿನ ಕೋಲು ನೆಟ್ಟಗೆ ನಿಲ್ಲಿಸಿ ಅದರ ನೆರಳು ಅಳೆಯಿರಿ. ಕೋಲಿನ ನೆರಳು 0.8 ಮೀಟರ್, ಅದೇ ಕ್ಷಣದಲ್ಲಿ ಮರದ ನೆರಳು ಬುಡದಿಂದ 6.4 ಮೀಟರ್ ಇದ್ದರೆ ಮರ 8 ಮೀಟರ್ ಎತ್ತರ. ಇದು ಸಮತಟ್ಟು ನೆಲದಲ್ಲಿ ಮಾತ್ರ ನಿಜ. ಪ್ರತಿ ಗಂಟೆಗೆ ನೆರಳಿನ ಅಂಚನ್ನು ಸೀಮೆಸುಣ್ಣದಲ್ಲಿ ಗುರುತಿಸಿ ಗಂಟೆ ಬರೆದರೆ, ಬೆಂಚು ಏಕೆ ಯಾವಾಗಲೂ ಖಾಲಿ ಎಂಬ ಮೊದಲ ವಾರದ ಪ್ರಶ್ನೆಗೆ ಎಷ್ಟೋ ಸಲ ಇಲ್ಲೇ ಉತ್ತರ ಸಿಗುತ್ತದೆ. ಆದರೆ ಉತ್ತರಾಯಣದ ತುದಿಯಿಂದ ದಕ್ಷಿಣಾಯನದ ತುದಿಗೆ ಸೂರ್ಯನ ದಾರಿ 47 ಡಿಗ್ರಿ ಹೊರಳುತ್ತದೆ. ಇಂದಿನ ನೆರಳು ಆರು ತಿಂಗಳ ಮೇಲೆ ಅಲ್ಲಿರುವುದಿಲ್ಲ.

ಮೇಲ್ಮೈ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರು ಮಕ್ಕಳಿಗೆ ಬಲು ಇಷ್ಟ. ಬಿಸಿಲಿನ ಡಾಂಬರು, ನೆರಳಿನ ಡಾಂಬರು, ಹುಲ್ಲು, ಬೆಂಚು ಎಲ್ಲವನ್ನೂ ಅಳೆಯಲಿ. ಹೊಳೆಯುವ ಸ್ಟೀಲಿನ ಬೆಂಚು ಮಾತ್ರ ತಣ್ಣಗಿದೆ ಎಂದು ಸುಳ್ಳು ಹೇಳುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. ಅದರ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು ಟೇಪಿನ ಬಿಸಿ ಅಳೆಯಬೇಕು.

ನಾಲ್ಕನೆಯದು: ನೆನಪಿನ ನಕ್ಷೆ, ಆಮೇಲೆ ಒಂದೇ ವಾಕ್ಯ

ಈ ಭೇಟಿ ಮೇಜಿನ ಸುತ್ತ. ಈ ಜಾಗಕ್ಕೆ ಬರುವ ದಾರಿಯನ್ನು ಹದಿನೈದು ನಿಮಿಷದಲ್ಲಿ ನೆನಪಿನಿಂದ ಬಿಡಿಸಲು ಹೇಳಿ. ಮನೆಯಿಂದ ಬೇಡ, ಮನೆಗೆ ಹತ್ತಿರದ ಯಾವುದಾದರೂ ವೃತ್ತದಿಂದ ಶುರುಮಾಡಲಿ, ಯಾರ ಮನೆಯ ಗುರುತೂ ಗೋಡೆಗೆ ಬರಬಾರದು. ನಗರ ಯೋಜಕ ಕೆವಿನ್ ಲಿಂಚ್ 1960ರಲ್ಲಿ ಗುರುತಿಸಿದ ಐದು ಅಂಶಗಳನ್ನು ಐದು ಬಣ್ಣದಲ್ಲಿ ತಿದ್ದಿಸಿ: ದಾರಿ, ಅಂಚು, ವಲಯ, ಸಂಧಿಸ್ಥಳ, ದೂರದಿಂದ ಕಾಣುವ ಹೆಗ್ಗುರುತು. ನಕ್ಷೆಗಳನ್ನು ಪಕ್ಕಪಕ್ಕ ಅಂಟಿಸಿದರೆ, ನಡೆದು ಬರುವವರ ನಕ್ಷೆ ತುಂಬಿರುತ್ತದೆ, ಗಾಡಿಯಲ್ಲಿ ಬರುವವರದ್ದು ಎರಡು ತಿರುವಿಗೆ ಮುಗಿದಿರುತ್ತದೆ.

ಇನ್ನು ಪ್ರತಿ ತಂಡ ತನ್ನ ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ವಾಕ್ಯದಲ್ಲಿ ಯಾರು, ಏನು ಮಾಡುತ್ತಾರೆ, ಯಾವಾಗ, ಎಷ್ಟು ಜನ ಎಂಬುದು ಇರಬೇಕು. ವಸ್ತುವಿನ ಹೆಸರು ಇರಬಾರದು. ‘ಜೋಕಾಲಿ ಬೇಕು’ ನಡೆಯುವುದಿಲ್ಲ. ‘ಮಧ್ಯಾಹ್ನ 3ರಿಂದ 5ರವರೆಗೆ ಎಂಟು ಹುಡುಗಿಯರು ನೆರಳಿನಲ್ಲಿ ಎದುರುಬದುರು ಕೂತು ಹರಟಬಹುದು’ ನಡೆಯುತ್ತದೆ, ಏಕೆಂದರೆ ಕೊನೆಗೆ ಇದನ್ನು ಪರೀಕ್ಷಿಸಬಹುದು. ಇಡೀ ಕೆಲಸದಲ್ಲಿ ಅತಿ ಕಷ್ಟದ ಗಂಟೆ ಇದು. ನಾಲ್ಕೈದು ಸಲ ಹರಿದು ಬರೆಸಿದರೂ ತಪ್ಪಿಲ್ಲ.

ಐದು ಮತ್ತು ಆರು: ಈಗ ಗೆರೆ

ಅಳತೆಯ ನಕ್ಷೆಯನ್ನು 1:100ರಲ್ಲಿ ಬರೆಸಿ. 25×40 ಮೀಟರ್ ಜಾಗ 25×40 ಸೆಂ.ಮೀ. ಆಗುತ್ತದೆ, ಎ3 ಹಾಳೆಯಲ್ಲಿ ಕೂರುತ್ತದೆ. ಅದರ ಮೇಲೆ ಮೂರು ಟ್ರೇಸಿಂಗ್ ಹಾಳೆ: ಒಂದರಲ್ಲಿ ಜನರ ಓಡಾಟ, ಒಂದರಲ್ಲಿ ನೀರಿನ ಹರಿವು, ಒಂದರಲ್ಲಿ ನೆರಳು. ಮೂರನ್ನೂ ಒಟ್ಟಿಗೆ ಇಟ್ಟಾಗ ಎಲ್ಲಿ ಏನು ಕೂಡದು ಎಂಬುದು ತಾನೇ ಎದ್ದು ಕಾಣುತ್ತದೆ. ಭೂದೃಶ್ಯ ವಾಸ್ತುಶಿಲ್ಪಿ ಇಯಾನ್ ಮೆಕ್‌ಹಾರ್ಗ್ 1960ರ ದಶಕದಲ್ಲಿ ಹೆದ್ದಾರಿಯ ದಾರಿ ಹುಡುಕಲು ಬಳಸಿದ್ದೂ ಇದೇ ಉಪಾಯ.

ನಂತರ ಮೂರು ಬೇರೆಬೇರೆ ವಿನ್ಯಾಸ, ಒಂದೊಂದಕ್ಕೆ ಹತ್ತೇ ನಿಮಿಷ, ದಪ್ಪ ಮಾರ್ಕರಿನಲ್ಲಿ. ಸಪೂರ ಪೆನ್ಸಿಲ್ ಕೊಟ್ಟರೆ ಬೆಂಚಿನ ಕಾಲಿಗೆ ಹೂಬಳ್ಳಿ ಬಿಡಿಸುತ್ತ ಕೂರುತ್ತಾರೆ. ಒಂದೇ ವಿನ್ಯಾಸ ಮಾಡಿಸಿದರೆ ಅದನ್ನು ಕಾಪಾಡಿಕೊಳ್ಳಲು ಜಗಳವಾಡುತ್ತಾರೆ, ಮೂರಿದ್ದರೆ ಹೋಲಿಸುತ್ತಾರೆ. ಈ ಹಂತದಲ್ಲಿ ಮರಳಿ ತಲೆಯೆತ್ತುವುದು ಮೇಲಿನಿಂದ ನೋಡಿದರೆ ಮಾತ್ರ ಚೆಂದ ಕಾಣುವ ರಂಗೋಲಿ. ಅದಕ್ಕೆ ಮದ್ದು ಛೇದಚಿತ್ರ, ಅಂದರೆ ಜಾಗವನ್ನು ಹಲಸಿನ ಹಣ್ಣಿನಂತೆ ಅಡ್ಡ ಕೊಯ್ದು ಪಕ್ಕದಿಂದ ನೋಡುವುದು. 1:50ರಲ್ಲಿ ಮನುಷ್ಯ 3.4 ಸೆಂ.ಮೀ. ಎತ್ತರ. ರಟ್ಟಿನ ಮನುಷ್ಯನೊಬ್ಬನನ್ನು ಕತ್ತರಿಸಿಕೊಂಡು ಅಚ್ಚಿನಂತೆ ಬಳಸಲಿ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ 1858ರಲ್ಲಿ ಸ್ಪರ್ಧೆ ಗೆದ್ದ ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಅಡ್ಡ ಹಾಯುವ ನಾಲ್ಕು ರಸ್ತೆಗಳನ್ನು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿದರು. ನಕ್ಷೆಯಲ್ಲಿ ಆ ಜಾಣ್ಮೆ ಅಷ್ಟಾಗಿ ಕಾಣದು, ಛೇದಚಿತ್ರದಲ್ಲಿ ಒಂದೇ ನೋಟಕ್ಕೆ ಹೊಳೆಯುತ್ತದೆ.

ಮರಗಳಲ್ಲಿ ಆಗುವ ತಪ್ಪು ಯಾವಾಗಲೂ ಒಂದೇ: ಎರಡು ಮೀಟರಿನ ಇಪ್ಪತ್ತು ವೃತ್ತ. ಬೆಳೆದಾಗ ಎಂಟು ಮೀಟರ್ ಹರಡುವ ಮರವನ್ನು ಎಂಟು ಮೀಟರಿನ ವೃತ್ತವಾಗಿಯೇ ಬರೆಯಬೇಕು. ಆಗ ಇಪ್ಪತ್ತರ ಬದಲು ನಾಲ್ಕೈದೇ ಹಿಡಿಸುತ್ತವೆ, ಆ ನಾಲ್ಕನ್ನು ಎಲ್ಲಿಡಬೇಕು ಎಂಬ ನಿಜವಾದ ಚರ್ಚೆ ಶುರುವಾಗುತ್ತದೆ. ನೆಡುವ ಗುಂಡಿ ಬೇರಿನ ಉಂಡೆಗಿಂತ ಎರಡು ಮೂರು ಪಟ್ಟು ಅಗಲ ಇರಬೇಕು, ಆಳ ಮಾತ್ರ ಉಂಡೆಯಷ್ಟೇ. ಕಾಂಡ ಬೇರಾಗಿ ಅಗಲವಾಗುವ ಬುಡ ಮಣ್ಣಿನಡಿ ಹೂತುಹೋದರೆ ಮರ ಉಸಿರುಕಟ್ಟಿ ವರ್ಷಗಳ ಮೇಲೆ ಸಾಯುತ್ತದೆ.

ಮಾದರಿಯನ್ನು 2 ಮಿ.ಮೀ. ರಟ್ಟಿನಲ್ಲಿ ಮಾಡಿದರೆ 1:100ರಲ್ಲಿ ಒಂದು ಪದರ 20 ಸೆಂ.ಮೀ. ಏರಿಕೆಗೆ ಸಮ. ಮನುಷ್ಯ 17 ಮಿ.ಮೀ., ಮರಕ್ಕೆ ಒಣಕಡ್ಡಿ ಮತ್ತು ಸ್ಪಂಜು. ಕಂಪ್ಯೂಟರಿನಲ್ಲೇ ಮಾಡುತ್ತೇವೆ ಎನ್ನುವವರೂ ಇರುತ್ತಾರೆ. ವಿಶ್ವಸಂಸ್ಥೆಯ ನಗರ-ವಸತಿ ಸಂಸ್ಥೆ ಯುಎನ್-ಹ್ಯಾಬಿಟಾಟ್ 2012ರಲ್ಲಿ ಮೈನ್‌ಕ್ರಾಫ್ಟ್ ಎಂಬ, ಇಟ್ಟಿಗೆ ಜೋಡಿಸಿ ಕಟ್ಟುವ ಕಂಪ್ಯೂಟರ್ ಆಟವನ್ನು ಸಾರ್ವಜನಿಕ ಜಾಗಗಳ ವಿನ್ಯಾಸಕ್ಕೆ ಬಳಸತೊಡಗಿತು, ಆದ್ದರಿಂದ ತಳ್ಳಿಹಾಕುವಂಥದ್ದೇನಲ್ಲ. ಜಾಗದೊಳಗೆ ನಿಂತಂತೆ ಕಣ್ಣಿನ ಎತ್ತರದಿಂದ ನೋಡಬಹುದು ಎಂಬುದು ಅದರ ಬಲ. ಅದರ ಇಟ್ಟಿಗೆ ಮಾತ್ರ ಒಂದು ಮೀಟರಿನ ಘನ: ಎರಡು ಶೇಕಡಾ ಇಳಿಜಾರು, 15 ಸೆಂ.ಮೀ. ಮೆಟ್ಟಿಲು ಅದರಲ್ಲಿ ಬರುವುದಿಲ್ಲ.

ಏಳನೆಯದು: ನಿಜದ ಅಳತೆಯಲ್ಲಿ

ಸಮಯ ಸಾಲದೆ ಬೇರೆ ಯಾವ ಭೇಟಿ ಬಿಟ್ಟರೂ ಇದನ್ನು ಬಿಡಬೇಡಿ. ವಿನ್ಯಾಸವನ್ನು ಜಾಗದ ಮೇಲೆಯೇ, ಇರುವ ಅಳತೆಯಲ್ಲೇ ಮೂಡಿಸಬೇಕು. ಸೀಮೆಸುಣ್ಣ, ಹಗ್ಗ, ಬಣ್ಣದ ಟೇಪು, ಪ್ಲಾಸ್ಟಿಕ್ ಕ್ರೇಟು, ರಟ್ಟಿನ ಪೆಟ್ಟಿಗೆ, ಎತ್ತಿಡಬಹುದಾದ ಹತ್ತು ಕುರ್ಚಿ ಸಾಕು. ಉದ್ದದ ನೇರ ಗೆರೆಗಳನ್ನು ಮೊದಲು, ವಕ್ರರೇಖೆಯನ್ನು ಆಮೇಲೆ ಹಗ್ಗದ ತುದಿಗೆ ಸೀಮೆಸುಣ್ಣ ಕಟ್ಟಿ ಎಳೆಯಿರಿ. ಪೆಟ್ಟಿಗೆಗಳೊಳಗೆ ನೀರಿನ ಬಾಟಲಿ ಇಡದಿದ್ದರೆ ಗಾಳಿಗೆ ನಿಮ್ಮ ನಗರ ಹಾರಿಹೋಗುತ್ತದೆ. ವಾಹನ ಬರುವ ಅಂಚಿನಲ್ಲಿ ದೊಡ್ಡವರು ನಿಲ್ಲಬೇಕು, ತುರ್ತು ವಾಹನದ ದಾರಿ ಖಾಲಿ ಇರಬೇಕು.

ಕಾಗದದ ಮೇಲೆ ಧಾರಾಳವಾಗಿದ್ದ 1.2 ಮೀಟರ್ ಹಾದಿಯಲ್ಲಿ ಇಬ್ಬರು ಎದುರುಬದುರು ಬಂದಾಗ ಭುಜ ತಿರುಗಿಸಬೇಕಾಗುತ್ತದೆ. ಎರಡು ಗಾಲಿಕುರ್ಚಿ ದಾಟಲು 1.8 ಮೀಟರ್ ಬೇಕು. ಆರು ಮೀಟರ್ ದೂರ ಇಟ್ಟ ಎರಡು ಬೆಂಚುಗಳ ನಡುವೆ ಹರಟೆ ಸಾಧ್ಯವಿಲ್ಲ, ಕೂಗಾಟ ಸಾಧ್ಯ. ಇವನ್ನು ನೀವು ಹೇಳಬೇಕಾಗಿಲ್ಲ, ಮಕ್ಕಳೇ ಗೆರೆ ಒರೆಸಿ ಮತ್ತೆ ಎಳೆಯುತ್ತಾರೆ.

ಎರಡು ಗಂಟೆ ಹಾಗೇ ಬಿಟ್ಟು ಮೊದಲ ಭೇಟಿಯಂತೆಯೇ ಎಣಿಸಿ. ಕುರ್ಚಿಗಳನ್ನು ಬೇಕೆಂದೇ ತಪ್ಪು ಜಾಗದಲ್ಲಿಟ್ಟು ಜನ ಎಲ್ಲಿಗೆ ಎಳೆದುಕೊಳ್ಳುತ್ತಾರೆ ಎಂದು ಗುರುತಿಸಿದರೆ, ಬೆಂಚು ಎಲ್ಲಿರಬೇಕು ಎಂಬುದನ್ನು ಅವರೇ ತೋರಿಸಿದಂತಾಯಿತು. ನ್ಯೂಯಾರ್ಕ್ 2009ರಲ್ಲಿ ಟೈಮ್ಸ್ ಚೌಕದ ಬಳಿ ಬ್ರಾಡ್‌ವೇಯನ್ನು ವಾಹನಗಳಿಗೆ ಮುಚ್ಚಿದಾಗ ಮೊದಲು ತಂದಿಟ್ಟದ್ದು ಅಗ್ಗದ ಮಡಚುವ ಕುರ್ಚಿಗಳನ್ನು. ಕಲ್ಲು ಹಾಸಿದ್ದು ಎಷ್ಟೋ ವರ್ಷ ಕಳೆದ ಮೇಲೆ. ತಮ್ಮ ಸೀಮೆಸುಣ್ಣದ ಕೆಲಸ ಮಕ್ಕಳಾಟವಲ್ಲ ಎಂದು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ತಿಳಿಸಲಾಗದು.

ಎಂಟನೆಯದು: ಒಪ್ಪಿಸುವುದು

ಪ್ರತಿ ತಂಡಕ್ಕೆ ಒಂದೇ ದೊಡ್ಡ ಹಾಳೆ, ಐದು ನಿಮಿಷ. ಹಾಳೆಯಲ್ಲಿ ನಾಲ್ಕೇ ಸಂಗತಿ: ಗುರಿಯ ವಾಕ್ಯ, ಮೊದಲಿನ ಎಣಿಕೆ ಮತ್ತು ಏಳನೇ ಭೇಟಿಯ ಎಣಿಕೆ ಪಕ್ಕಪಕ್ಕ, ಒಂದು ಛೇದಚಿತ್ರ, ಬೇಕಾದ ವಸ್ತುಗಳ ಪ್ರಮಾಣ. ಬೆಲೆ ಊಹಿಸಿ ಬರೆಯುವುದು ಬೇಡ. ಹಾಸುಗಲ್ಲು ಎಷ್ಟು ಚದರ ಮೀಟರ್, ಬೆಂಚು ಎಷ್ಟು ಮೀಟರ್ ಉದ್ದ, ಮರ ಎಷ್ಟು ಎಂದು ಬರೆದರೆ ಕೇಳುವ ಎಂಜಿನಿಯರೇ ಬೆಲೆ ಹಾಕುತ್ತಾರೆ. ಕಡೆಯಲ್ಲಿ ಎರಡು ಬೇಡಿಕೆ ಇರಲಿ: ನಾಳೆಯೇ ಮಾಡಬಹುದಾದದ್ದು ಒಂದು, ಉದಾಹರಣೆಗೆ ಇರುವ ಬೆಂಚನ್ನು ನಾಲ್ಕು ಮೀಟರ್ ಸರಿಸಿ ನೆರಳಿಗೆ ತರುವುದು, ಹಣ ಮತ್ತು ಸಮಯ ಬೇಡುವುದು ಇನ್ನೊಂದು.

ಅಧಿಕಾರಿಗಳು ಕೇಳುವ ಪ್ರಶ್ನೆಗಳು ಹೆಚ್ಚು ಬದಲಾಗುವುದಿಲ್ಲ. ಗಿಡಕ್ಕೆ ಮೊದಲ ಎರಡು ವರ್ಷ ನೀರು ಹಾಕುವವರು ಯಾರು? ಕಸ ಎಲ್ಲಿ ಸೇರುತ್ತದೆ? ರಾತ್ರಿ ಬೆಳಕು? ಅಗ್ನಿಶಾಮಕ ವಾಹನ ತಿರುಗುತ್ತದೆಯೇ? ಹಿಂದಿನ ದಿನವೇ ಒಬ್ಬರನ್ನು ಸಿಡುಕಿನ ಅಧಿಕಾರಿಯ ಪಾತ್ರದಲ್ಲಿ ಕೂರಿಸಿ ಇವನ್ನೆಲ್ಲ ಕೇಳಿಸಿ. ‘ಗೊತ್ತಿಲ್ಲ, ಅಳೆದು ಹೇಳುತ್ತೇವೆ’ ಎಂಬ ಉತ್ತರವನ್ನೂ ಅಭ್ಯಾಸ ಮಾಡಿಸಬೇಕು, ಅದು ನಾಲಿಗೆಗೆ ಸುಲಭವಾಗಿ ಬರುವುದಿಲ್ಲ.

ಎಣಿಕೆಯ ಮೂಲ ಹಾಳೆಗಳನ್ನು ದಿನಾಂಕ, ಹೊತ್ತು, ಹವಾಮಾನ ಬರೆದು ಒಂದು ಕಡತದಲ್ಲಿ ಇಡಿ. ಬೆಂಚು ಸರಿಸಿದರೂ ಸರಿಸದಿದ್ದರೂ ಮುಂದಿನ ವರ್ಷ ಅದೇ ತಿಂಗಳು, ಅದೇ ವಾರದ ದಿನ, ಅದೇ ಹೊತ್ತಿಗೆ ಹೊಸ ತಂಡ ಎಣಿಕೆ ಶುರುಮಾಡಬೇಕಾದದ್ದು ಆ ಕಡತ ಕೈಯಲ್ಲಿ ಹಿಡಿದು.